ಇನ್ನೂರು ಮೀಟರ್ ಆಳದಲ್ಲಿ ಮಳೆ

ಮಧ್ಯಾಹ್ನ ಮೂರು ಗಂಟೆಗೇ ದೀಪ ಹಚ್ಚುವಷ್ಟು ಕತ್ತಲು. ಗಾಳಿ ಒಮ್ಮೆ ಅಡಿಕೆ ಮರಗಳನ್ನೆಲ್ಲ ಒಂದೇ ಕಡೆಗೆ ಬಾಗಿಸುತ್ತದೆ, ಆಮೇಲೆ ಕೈಬಿಟ್ಟು ಸುಮ್ಮನಾಗುತ್ತದೆ. ಅಡಿಕೆ ತೋಟ ಅಂದ ಕೂಡಲೇ ನಿಮಗೆ ತೀರ್ಥಹಳ್ಳಿಯೋ ಶಿರಸಿಯೋ ನೆನಪಾದರೆ ತಪ್ಪಿಲ್ಲ. ಅದೇ ಮರ, ಬುಡದಲ್ಲಿ ಅದೇ ಕೊಳೆತ ಸೋಗೆಯ ವಾಸನೆ. ಆದರೆ ನೀವು ನಿಂತಿರುವುದು ತೈವಾನಿನ ಪೂರ್ವದಲ್ಲಿ, ಹುವಾಲಿಯೆನ್‌ನಿಂದ ತೈತುಂಗ್‌ವರೆಗೆ ಸುಮಾರು 150 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡ ಒಂದು ಕಿರಿದಾದ ಕಣಿವೆಯಲ್ಲಿ. ಪಶ್ಚಿಮಕ್ಕೆ ಮೂರು ಸಾವಿರ ಮೀಟರ್ ದಾಟಿದ ಶಿಖರಗಳ ಮಧ್ಯ ಪರ್ವತಶ್ರೇಣಿ, ಈಗ ಮೋಡದೊಳಗೆ ಮಾಯ. ಪೂರ್ವಕ್ಕೆ ಕುಳ್ಳಗಿನ ಕರಾವಳಿ ಬೆಟ್ಟಸಾಲು, ಅದರ ಬೆನ್ನ ಹಿಂದೆ ಪೆಸಿಫಿಕ್ ಸಾಗರ. ನಡುವೆ ಭತ್ತದ ಗದ್ದೆ. ಸಾಗರದ ಕಡೆಯಿಂದ ಟೈಫೂನ್ ಬರುತ್ತಿದೆ.

ಈ ಟೈಫೂನಿಗೆ ನಾನು ಹೆಸರು ಹೇಳುವುದಿಲ್ಲ. ಈ ಕಣಿವೆ ಇಂಥ ರಾತ್ರಿಗಳನ್ನು ಎಷ್ಟೋ ಕಂಡಿದೆ. ಅವನ್ನೆಲ್ಲ ಸೇರಿಸಿ ಒಂದೇ ರಾತ್ರಿಯಾಗಿ ನಿಮ್ಮ ಮುಂದಿಡುತ್ತಿದ್ದೇನೆ, ಇಲ್ಲಿ ಕಾಣುವ ಮನುಷ್ಯರನ್ನೂ ಹಾಗೆಯೇ. ಬಂಡೆ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ ಮಾತ್ರ ಈ ಕಣಿವೆಯ ಉಪಕರಣಗಳೇ ಕೊಟ್ಟದ್ದು.

ತೋಟದ ಹಿಂಬದಿಗೆ, ಬೆಟ್ಟದ ಬುಡಕ್ಕೆ ಒರಗಿದಂತೆ ಒಂದು ಕಾಂಕ್ರೀಟ್ ಗೂಡು. ನಮ್ಮ ಕಡೆಯ ಪಂಪ್‌ಸೆಟ್ ಮನೆಯಷ್ಟೇ ದೊಡ್ಡದು. ಇಬ್ಬರು ಕುಕ್ಕರಗಾಲಲ್ಲಿ ಕೂರಬಹುದು. ರೇನ್‌ಕೋಟ್ ತೊಟ್ಟ ತಂತ್ರಜ್ಞನೊಬ್ಬ ಬಾಗಿಲು ತೆಗೆದು ಒಳಗೆ ನುಸುಳುತ್ತಾನೆ. ಅವನ ಹಿಂದೆ ನೀವು. ಒಳಗೆ ಒಂದು ಪೆಟ್ಟಿಗೆ, ಬ್ಯಾಟರಿಗಳು, ಲ್ಯಾಪ್‌ಟಾಪ್ ಇಡಲು ಹಲಗೆ. ನೆಲದ ನಡುವೆ ಒಂದು ಕಬ್ಬಿಣದ ಕೊಳವೆಯ ಬಾಯಿ, ಅದರೊಳಗೆ ಇಳಿದುಹೋದ ಕಪ್ಪು ಕೇಬಲ್. ಬೋರು ಕೊರೆಸಿದ ಯಾವ ಹೊಲದಲ್ಲಾದರೂ ಕಾಣುವಂಥದ್ದೇ. ಈ ಬೋರಿನಿಂದ ನೀರೆತ್ತುವುದಿಲ್ಲ, ಅಷ್ಟೇ ವ್ಯತ್ಯಾಸ. ಕೆಳಗೆ ಇನ್ನೂರು ಮೀಟರಿನ ಆಸುಪಾಸಿನಲ್ಲಿ ಒಂದು ಸ್ಟೀಲಿನ ಉರುಳೆಯನ್ನು ಬಂಡೆಗೆ ಕಚ್ಚಿಸಿ ಬಿಟ್ಟಿದ್ದಾರೆ.

ಮನಸ್ಸಿನಲ್ಲೇ ಆ ಕೇಬಲ್ ಹಿಡಿದು ಇಳಿಯಿರಿ. ಮೊದಲು ಮಣ್ಣು, ಬೇರು, ಸಡಿಲ ಕಲ್ಲು. ಆಮೇಲೆ ಗಟ್ಟಿ ಬಂಡೆ. ಈ ಕರಾವಳಿ ಬೆಟ್ಟಸಾಲಿನ ತಿರುಳು ಒಂದು ಕಾಲಕ್ಕೆ ಸಮುದ್ರದ ನಡುವಿನ ಜ್ವಾಲಾಮುಖಿಗಳ ಸಾಲಾಗಿತ್ತು; ಫಿಲಿಪೀನ್ಸ್ ಸಮುದ್ರ ಫಲಕ ಅದನ್ನು ಹೊತ್ತು ತಂದು ಏಷ್ಯಾದ ಅಂಚಿಗೆ ಢಿಕ್ಕಿ ಹೊಡೆಸಿತು. ಢಿಕ್ಕಿ ಇನ್ನೂ ಮುಗಿದಿಲ್ಲ. ಫಲಕ ವರ್ಷಕ್ಕೆ ಸುಮಾರು ಎಂಟು ಸೆಂಟಿಮೀಟರ್ ಒತ್ತುತ್ತಲೇ ಇದೆ, ಅದರಲ್ಲಿ ಮೂರು ಸೆಂಟಿಮೀಟರಿನಷ್ಟನ್ನು ಈ ಕಣಿವೆಯೂ ಈ ಬೆಟ್ಟಸಾಲೂ ಕುಗ್ಗಿ ಕುಗ್ಗಿ ನುಂಗಿಕೊಳ್ಳುತ್ತಿವೆ. ಅಕ್ಕಿಗೆ ಹೆಸರಾದ ಚಿಶಾಂಗ್ ಊರಿನಲ್ಲಿ ಇದನ್ನು ಬರಿಗಣ್ಣಿಗೇ ನೋಡಬಹುದು. ಅಲ್ಲಿ ಸ್ತರಭಂಗದ, ಅಂದರೆ ಎರಡು ಬದಿಯ ಬಂಡೆ ಒಂದರ ಮೇಲೊಂದು ಜಾರುವ ಸೀಳಿನ, ಮೇಲೆಯೇ ಕೂತ ಒಂದು ಪ್ರಾಥಮಿಕ ಶಾಲೆಯ ಕಾಂಕ್ರೀಟ್ ಗೋಡೆ, ಯಾವ ಭೂಕಂಪವೂ ಇಲ್ಲದೆ, ವರ್ಷವರ್ಷಕ್ಕೆ ಬಿರುಕು ಬಿಡುತ್ತ ಬಂದಿದೆ.

ಇನ್ನೂರು ಮೀಟರಿನಲ್ಲಿ ಗಾಳಿಯ ಸದ್ದಿಲ್ಲ, ಹಗಲು ರಾತ್ರಿ ಇಲ್ಲ, ಚಳಿ ಬಿಸಿಲಿನ ಏರುಪೇರಿಲ್ಲ. ಹಿಗ್ಗುವ ಗುಣದ ಸಿಮೆಂಟಿನ ಅಚ್ಚಿನೊಳಗೆ ಉರುಳೆ ಕೂತಿದೆ. ಬಂಡೆ ಒಂದಿಷ್ಟು ಕುಗ್ಗಿದರೆ ಸಿಮೆಂಟ್ ಕುಗ್ಗುತ್ತದೆ, ಸಿಮೆಂಟ್ ಕುಗ್ಗಿದರೆ ಉರುಳೆ. ಉರುಳೆಯ ತುಂಬ ಸಿಲಿಕೋನ್ ಎಣ್ಣೆ. ಹಿಂಡಿದ ಎಣ್ಣೆಗೆ ಹೋಗಲು ಒಂದೇ ದಾರಿ, ಸಣ್ಣ ಕಿಂಡಿಯ ಮೂಲಕ ಒಂದು ಪುಟ್ಟ ಲೋಹದ ತಿದಿಯೊಳಕ್ಕೆ. ಕಮ್ಮಾರನ ತಿದಿ ಇದ್ದ ಹಾಗೆ, ಮಡಿಕೆ ಮಡಿಕೆಯಾಗಿ ಉಬ್ಬುವ ತಿದಿ. ದೊಡ್ಡ ಪಾತ್ರೆಯ ಎಣ್ಣೆ ಸಣ್ಣ ತಿದಿಗೆ ನುಗ್ಗುವುದರಿಂದ ಬಂಡೆಯ ಕೂದಲೆಳೆಯಷ್ಟೂ ಅಲ್ಲದ ಚಲನೆ ತಿದಿಯ ತುದಿಯಲ್ಲಿ ಹಿಗ್ಗಿ ಕಾಣುತ್ತದೆ. ಮಿತಿಮೀರಿ ಉಬ್ಬಿದರೆ ಒಂದು ಕವಾಟ ತೆರೆದು ಎಣ್ಣೆಯನ್ನು ಹೊರಬಿಡುತ್ತದೆ, ಅಳತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಮೆರಿಕದ ಕಾರ್ನೆಗಿ ಸಂಸ್ಥೆಯ ಸೆಲ್ವಿನ್ ಸ್ಯಾಕ್ಸ್ ಮತ್ತು ಅವರ ಜೊತೆಗಾರ ಡೇಲ್ ಎವರ್ಟ್‌ಸನ್ 1960ರ ದಶಕದ ಕೊನೆಯಲ್ಲಿ ರೂಪಿಸಿದ ಸ್ಟ್ರೇನ್‌ಮೀಟರ್ ಇದು. ಜಪಾನ್ ಹವಾಮಾನ ಸಂಸ್ಥೆ 1976ರಿಂದ ಇಂಥವನ್ನೇ ತೊಕಾಯ್ ಪ್ರದೇಶದ ನೆಲದಲ್ಲಿ ಹೂಳುತ್ತ ಬಂತು.

ಎಷ್ಟು ಸೂಕ್ಷ್ಮ? ಊರಿಗೆ ನೀರು ಕೊಡುವ ಹತ್ತು ಲಕ್ಷ ಲೀಟರಿನ ಓವರ್‌ಹೆಡ್ ಟ್ಯಾಂಕ್ ನೆನೆಸಿಕೊಳ್ಳಿ. ಅದರಲ್ಲಿ ಒಂದು ಮಿಲಿಲೀಟರ್, ಅಂದರೆ ಕಣ್ಣಿಗೆ ಬಿಡುವ ಔಷಧಿಯ ಇಪ್ಪತ್ತು ಹನಿಯಷ್ಟು ಏರುಪೇರಾದರೆ ಅದು ನೂರು ಕೋಟಿಯಲ್ಲಿ ಒಂದು ಪಾಲು, ಒಂದು ನ್ಯಾನೋಸ್ಟ್ರೇನ್. ಈ ಉರುಳೆ ಅದಕ್ಕಿಂತಲೂ ನೂರು ಪಟ್ಟು ಸಣ್ಣದನ್ನು ಗುರುತಿಸಬಲ್ಲದು.

ಮೇಲೆ ಬನ್ನಿ. ಲ್ಯಾಪ್‌ಟಾಪಿನ ಮೇಲೆ ಒಂದು ಗೆರೆ. ಕಳೆದ ವಾರದ ಗೆರೆ ನೋಡಿದರೆ ನಿದ್ದೆ ಹೋದ ಮಗುವಿನ ಎದೆಯ ಹಾಗೆ ಏರಿ ಇಳಿಯುತ್ತಿದೆ, ದಿನಕ್ಕೆ ಎರಡು ಸಲ. ಚಂದ್ರ ಸೂರ್ಯರು ನೆಲವನ್ನು ಎಳೆದು ಬಿಡುವ ಉಬ್ಬರವಿಳಿತ ಅದು. ಸಮುದ್ರಕ್ಕೆ ಉಬ್ಬರ ಇದೆಯೆಂದು ಎಲ್ಲರಿಗೂ ಗೊತ್ತು. ಬಂಡೆಗೂ ಇದೆ, ಹತ್ತಾರು ನ್ಯಾನೋಸ್ಟ್ರೇನ್‌ನಷ್ಟು. ನೀವು ಕೂತಿರುವ ನೆಲ ನಿಮ್ಮನ್ನೂ ಹೊತ್ತುಕೊಂಡು ಪ್ರತಿದಿನ ಉಸಿರಾಡುತ್ತಿದೆ ಎಂಬುದನ್ನು ಗೆರೆಯಾಗಿ ನೋಡುವುದೇ ಒಂದು ಸೋಜಿಗ. ನನಗಂತೂ ಅದು ಹಳತಾಗಿಲ್ಲ.

“ಗೆರೆ ಮೇಲೆ ಹೋದರೆ ಬಂಡೆ ಹಿಗ್ಗಿದೆ ಅಂತ. ಕೆಳಗೆ ಬಂದರೆ ಕುಗ್ಗಿದೆ,” ಎನ್ನುತ್ತಾನೆ ತಂತ್ರಜ್ಞ.

ಗೆರೆ ಮೇಲೆ ಹೋಗುತ್ತಿದೆ. ಮಳೆ ಇನ್ನೂ ಬಂದಿಲ್ಲ.

ಟೈಫೂನಿನ ಮೊದಲ ಸ್ಪರ್ಶ ಬಂಡೆಗೆ ತಟ್ಟುವುದು ಹೀಗೆ, ಹಗುರವಾಗುವ ಮೂಲಕ. ನಿಮ್ಮ ಕಾಲಡಿಯ ಪ್ರತಿ ಚದರ ಮೀಟರ್ ನೆಲದ ಮೇಲೂ ಆಕಾಶದೆತ್ತರದ ಗಾಳಿಯ ಕಂಬವೊಂದು ಕೂತಿರುತ್ತದೆ, ಅದರ ತೂಕ ಸುಮಾರು ಹತ್ತು ಟನ್. ಟೈಫೂನಿನ ನಡುಭಾಗ ಹತ್ತಿರ ಬಂದ ಹಾಗೆ ವಾಯುಭಾರ ಕುಸಿಯುತ್ತದೆ. ಇವತ್ತು 30 ಹೆಕ್ಟೊಪಾಸ್ಕಲ್ ಕುಸಿಯಿತು ಎಂದಿಟ್ಟುಕೊಳ್ಳಿ, ರೇಡಿಯೋದವರು ಹಿಂದೆ ಮಿಲಿಬಾರ್ ಎನ್ನುತ್ತಿದ್ದರಲ್ಲ, ಅದೇ. ಹಾಗಾದರೆ ಪ್ರತಿ ಚದರ ಮೀಟರಿನ ಮೇಲಿನಿಂದ ಸುಮಾರು ಮುನ್ನೂರು ಕೆ.ಜಿ. ಭಾರ ಇಳಿಯಿತು. ತಲೆಹೊರೆ ಇಳಿಸಿದ ಕೂಲಿಯ ಹಾಗೆ ಬಂಡೆ ಬೆನ್ನು ನೆಟ್ಟಗೆ ಮಾಡುತ್ತದೆ. ಈ ಕಣಿವೆಯ ಉಪಕರಣಗಳಲ್ಲಿ ಒಂದು ಹೆಕ್ಟೊಪಾಸ್ಕಲಿಗೆ ಒಂದರಿಂದ ಮೂರು ನ್ಯಾನೋಸ್ಟ್ರೇನ್ ಹಿಗ್ಗು ಕಾಣುತ್ತದೆ, ಜಾಗಕ್ಕೆ ತಕ್ಕ ಹಾಗೆ. ನಮ್ಮ ಜಾಗದ್ದು ಎರಡು ಎಂದುಕೊಂಡರೆ 30 ಹೆಕ್ಟೊಪಾಸ್ಕಲಿಗೆ 60. ಗೆರೆ ಹತ್ತುತ್ತಲೇ ಇದೆ.

ಹೊರಗೆ ಯಾರೋ ಕೂಗುತ್ತಾರೆ. ತೋಟದ ಯಜಮಾನಿ, ಮುದುಕಿ, ತಲೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಬಂದಿದ್ದಾಳೆ. ಬಾಯಲ್ಲಿ ಸುಣ್ಣ ಹಚ್ಚಿದ ಹಸಿ ಅಡಿಕೆ, ತುಟಿ ಕೆಂಪು. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್.

“ಹುಡುಗಾ, ಮನೆಗೆ ಬಾ ಅಂದರೆ ಕೇಳೋದಿಲ್ಲ. ರಾತ್ರಿಯೆಲ್ಲ ಇಲ್ಲೇ ಕೂರ್ತೀಯಾ?”

“ಮಳೆಮಾಪಕ ಒಂದು ಸಲ ನೋಡಿಬಿಡ್ತೀನಿ, ಆಮಾ. ಹೋದ ಸಲ ಎಲೆ ತುಂಬಿ ಕಟ್ಟಿಕೊಂಡಿತ್ತು.”

ಆಮಾ ಅಂದರೆ ಅವರ ಮಾತಿನಲ್ಲಿ ಅಜ್ಜಿ. ಆಕೆ ಬೆಟ್ಟದ ಕಡೆ ನೋಡಿ, ಗಾಳಿಯನ್ನು ಮೂಸಿ, ಫ್ಲಾಸ್ಕ್ ಒಳಗಿಟ್ಟು ಹೋಗುತ್ತಾಳೆ. ಆಕೆ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮಳೆ.

ಹನಿ ಹನಿಯಾಗಿ ಶುರುವಾಗುವ ಮಳೆ ಅಲ್ಲ ಇದು. ಆಕಾಶ ಕವುಚಿ ಬಿದ್ದ ಹಾಗೆ ಒಮ್ಮೆಗೇ ಬೀಳುತ್ತದೆ. ತಗಡಿನ ಮಾಡಿನ ಮೇಲೆ ಬೀಳುವ ಸದ್ದಿಗೆ ಮಾತು ಕೇಳುವುದಿಲ್ಲ. ಗೂಡಿನ ಪಕ್ಕದ ಕಂಬದ ಮೇಲೆ ಮಳೆಮಾಪಕ. ಟಾರ್ಚ್ ಹಾಕಿ ಅದರ ಮುಚ್ಚಳ ಎತ್ತಿದರೆ ಒಳಗೆ ಎರಡು ಪುಟ್ಟ ದೊನ್ನೆಗಳು, ಏತದ ಮರದ ಹಾಗೆ ನಡುವಿನ ಕೀಲಿನ ಮೇಲೆ ತೂಗುತ್ತಿವೆ. ಆಲಿಕೆಯಿಂದ ಇಳಿದ ನೀರು ಒಂದು ದೊನ್ನೆಯನ್ನು ತುಂಬುತ್ತದೆ. ತುಂಬಿದ್ದು ಟಕ್ಕೆಂದು ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಬಂದು ಆಲಿಕೆಯ ಕೆಳಗೆ ನಿಲ್ಲುತ್ತದೆ. ಒಂದು ಟಕ್‌ಗೆ ಅರ್ಧ ಮಿಲಿಮೀಟರ್ ಮಳೆ. ಮೊದಲು ನಿಮಿಷಕ್ಕೊಂದು ಸಲ ಮಗುಚುತ್ತಿದ್ದುದು ಈಗ ಎರಡು ಸಲ. ಗಾಳಿಗೆ ಮಳೆ ಅಡ್ಡಡ್ಡ ಹಾರುತ್ತಿದೆ, ಆಲಿಕೆಗೆ ಬೀಳಬೇಕಾದ್ದು ಎಷ್ಟೋ ಪಕ್ಕಕ್ಕೆ ಹೋಗುತ್ತಿದೆ. ಮಳೆಮಾಪಕ ಬಿರುಗಾಳಿಯಲ್ಲಿ ಯಾವಾಗಲೂ ಕಡಿಮೆಯನ್ನೇ ಹೇಳುತ್ತದೆ ಎಂಬುದು ನೆನಪಿರಲಿ.

ಲ್ಯಾಪ್‌ಟಾಪಿನಲ್ಲಿ ಗೆರೆ ಏರುವುದನ್ನು ನಿಲ್ಲಿಸಿದೆ. ಒಂದು ಗಳಿಗೆ ಸುಮ್ಮನಿರುತ್ತದೆ. ಆಮೇಲೆ ಕೆಳಗೆ ತಿರುಗುತ್ತದೆ.

ಮಳೆಗೆ ತೂಕವಿದೆ. ಒಂದು ಮಿಲಿಮೀಟರ್ ಮಳೆ ಎಂದರೆ ಪ್ರತಿ ಚದರ ಮೀಟರಿಗೆ ಒಂದು ಲೀಟರ್, ಒಂದು ಕೆ.ಜಿ. ಈ ರಾತ್ರಿ 300 ಮಿಲಿಮೀಟರ್ ಬಿತ್ತು ಎನ್ನಿ. ಟೈಫೂನಿನ ರಾತ್ರಿಗೆ ಅದು ಅತಿಯೇನಲ್ಲ. 2009ರ ಆಗಸ್ಟಿನಲ್ಲಿ ಮೊರಾಕೋಟ್ ಟೈಫೂನ್ ಬಂದಾಗ ಪರ್ವತದ ಆಚೆಯ ಅಲಿಶಾನ್‌ನಲ್ಲಿ ಕೆಲವೇ ದಿನಗಳಲ್ಲಿ 2,700 ಮಿಲಿಮೀಟರಿಗೂ ಹೆಚ್ಚು ಸುರಿಯಿತು, ಶಿಯಾವೊಲಿನ್ ಎಂಬ ಹಳ್ಳಿಯ ಮೇಲೆ ಬೆಟ್ಟವೇ ಜಾರಿ ನೂರಾರು ಜನ ಮಣ್ಣಾದರು. ನಮ್ಮ ಸಣ್ಣ ಲೆಕ್ಕಕ್ಕೆ ಬಂದರೆ, ಪ್ರತಿ ಚದರ ಮೀಟರಿಗೆ 300 ಕೆ.ಜಿ. ನೀರು, ಒಂದು ಚದರ ಕಿಲೋಮೀಟರಿಗೆ ಮೂರು ಲಕ್ಷ ಟನ್. ಗಾಳಿ ಯಾವ ಭಾರವನ್ನು ಎತ್ತಿಕೊಂಡಿತ್ತೋ ನೀರು ಅಷ್ಟನ್ನೇ ತಂದು ಹೊರಿಸಿದ ಹಾಗಾಯಿತು.

ಬರೀ ತೂಕದ ಮಾತಾಗಿದ್ದರೆ ಗೆರೆ ಅರವತ್ತು ಹತ್ತಿ, ಅರವತ್ತು ಇಳಿದು, ಹೊರಟಲ್ಲಿಗೆ ಬಂದು ನಿಲ್ಲಬೇಕು. ನಿಲ್ಲುವುದಿಲ್ಲ. ಹೊರಟ ಜಾಗವನ್ನು ದಾಟಿ ಇಳಿಯುತ್ತದೆ. ಈ ಕಣಿವೆಯಲ್ಲಿ ಒಂದು ಹೆಕ್ಟೊಪಾಸ್ಕಲ್ ತೂಗುವ ಮಳೆ, ಅಂದರೆ ಹತ್ತು ಮಿಲಿಮೀಟರಿನಷ್ಟು, ಬಂಡೆಯನ್ನು ಸುಮಾರು 5.1 ನ್ಯಾನೋಸ್ಟ್ರೇನ್ ಕುಗ್ಗಿಸುತ್ತದೆ. ಮುನ್ನೂರು ಮಿಲಿಮೀಟರಿಗೆ ಹತ್ತಿರ ಹತ್ತಿರ 150. ಅಷ್ಟೇ ತೂಕದ ಗಾಳಿಗೆ ಅರವತ್ತು, ಅಷ್ಟೇ ತೂಕದ ನೀರಿಗೆ ನೂರೈವತ್ತು. ತೂಕ ಒಂದೇ ಆದಮೇಲೆ ಈ ತೊಂಬತ್ತು ಎಲ್ಲಿಂದ ಬಂತು?

ನೀರಿನ ಬೆನ್ನು ಹತ್ತಬೇಕು. ಬಿದ್ದ ಮಳೆಯಲ್ಲಿ ಒಂದು ಪಾಲು ಬೆಟ್ಟದ ಮೈಮೇಲೆ ಹರಿದು ಹೋಗುತ್ತದೆ, ಅದನ್ನು ಸದ್ಯ ಬಿಡಿ. ಇನ್ನೊಂದು ಪಾಲು ಇಳಿಯುತ್ತದೆ. ಅಡಿಕೆ ಬುಡದ ಮೆತ್ತನೆ ಮಣ್ಣಿನಲ್ಲಿ, ಬೇರು ಕೊಳೆತು ಉಳಿದ ತೂತಿನಲ್ಲಿ, ಏಡಿ ಬಿಲದಲ್ಲಿ. ಮಣ್ಣು ಮುಗಿದು ಕಲ್ಲು ಬಂದಾಗ ನೀರು ನಿಲ್ಲುವುದಿಲ್ಲ, ಸೀಳು ಹುಡುಕುತ್ತದೆ. ಢಿಕ್ಕಿಯಲ್ಲಿ ಹುಟ್ಟಿದ ಬೆಟ್ಟಕ್ಕೆ ಸೀಳುಗಳಿಗೇನು ಕೊರತೆ? ಬಂಡೆಯ ಬಿರುಕು, ರಂಧ್ರಗಳಲ್ಲಿ ಆಗಲೇ ನೀರು ತುಂಬಿ ಕೂತಿದೆ. ಮೇಲಿನಿಂದ ಹೊಸ ನೀರು ಒತ್ತಿದರೆ ಕೆಳಗಿನ ನೀರಿನ ಒತ್ತಡ ಏರುತ್ತದೆ. ಮೇಲಿನ ಹನಿಯೇ ಇನ್ನೂರು ಮೀಟರ್ ಇಳಿದು ಬರಬೇಕಾಗಿಲ್ಲ. ಕೊಳವೆಯಲ್ಲಿ ತುಂಬಿದ ನೀರನ್ನು ಒಂದು ತುದಿಯಲ್ಲಿ ಅದುಮಿದರೆ ಇನ್ನೊಂದು ತುದಿಗೆ ತಿಳಿಯುವ ಹಾಗೆ, ಒತ್ತಡದ ಸುದ್ದಿ ನೀರಿಗಿಂತ ಮುಂಚೆ ಹೋಗಿ ಮುಟ್ಟುತ್ತದೆ. ಮಲೆನಾಡಿನ ಹಳೆ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜುಲೈ ತಿಂಗಳಲ್ಲಿ ಗುಡ್ಡದ ಮೇಲೆ ನಾಲ್ಕು ದಿನ ಜಡಿಮಳೆ ಹೊಡೆದರೆ ಅಡುಗೆಮನೆಯ ನೆಲದಲ್ಲೇ ಜಲದ ಕಣ್ಣು ಒಡೆಯುತ್ತದೆ. ಮೇಲೆ ಬಿದ್ದದ್ದು ಕೆಳಗೆ ಒತ್ತಿ, ಒತ್ತಿದ್ದು ಇನ್ನೆಲ್ಲೋ ಉಕ್ಕುತ್ತದೆ.

ಸೀಳಿನ ನೀರು ಉಬ್ಬಿದರೆ ಅದರ ಅಕ್ಕಪಕ್ಕದ ಬಂಡೆ ಹಿಂಡಿಸಿಕೊಳ್ಳುತ್ತದೆ. ಆ ಹಿಂಡು ಎಣ್ಣೆಗೆ, ಎಣ್ಣೆಯಿಂದ ತಿದಿಗೆ. ತೂಕದ ಲೆಕ್ಕಕ್ಕೆ ಸಿಗದ ಆ ತೊಂಬತ್ತರಲ್ಲಿ ಒಂದು ಪಾಲು ಈ ಒಳನೀರಿನದಿರಬಹುದು.

ರಾತ್ರಿ ಹನ್ನೊಂದು. ಊರಿನ ಕರೆಂಟ್ ಹೋಗಿದೆ. ಗೂಡಿನ ಬ್ಯಾಟರಿ ಮಾತ್ರ ಗುಂಯ್ಗುಡುತ್ತಿದೆ. ತಂತ್ರಜ್ಞ ಗೆರೆಯ ಮೇಲೆ ಬೆರಳಿಟ್ಟು ತೋರಿಸುತ್ತಾನೆ. ಏರಿತು, ಇಳಿಯಿತು, ಈಗ ಇಳಿಜಾರಿನ ನಡುವೆ ಒಂದು ಬಾಗು. ಕೆಲವು ಗಂಟೆಗಳ ಉದ್ದದ, ಹತ್ತಾರು ನ್ಯಾನೋಸ್ಟ್ರೇನ್ ಆಳದ ಬಾಗು.

ಇಲ್ಲೇ ತೊಡಕು ಇರುವುದು. ಇಂಥ ಬಾಗನ್ನು ಹಿಡಿಯಲೆಂದೇ ಈ ಉಪಕರಣ ಇಲ್ಲಿ ಹೂತಿರುವುದು.

ಭೂಕಂಪವೆಂದರೆ ನಮಗೆ ಗೊತ್ತಿರುವುದು ಗಡಗಡ ನಡುಗುವುದು. ಈ ಕಣಿವೆಗೆ ಅದು ಹೊಸದಲ್ಲ. 2022ರ ಸೆಪ್ಟೆಂಬರ್ 18ರಂದು ಚಿಶಾಂಗ್ ಬಳಿ 6.9ರ ಕಂಪನವಾದಾಗ ಇದೇ ಕಣಿವೆಯ ಯೂಲಿ ಊರಿನಲ್ಲಿ ಒಂದು ಕಟ್ಟಡ ಕುಸಿಯಿತು, ಸೇತುವೆ ಮುರಿಯಿತು. ಆದರೆ ಸ್ತರಭಂಗಗಳು ಸದ್ದಿಲ್ಲದೆಯೂ ಜಾರುತ್ತವೆ. ಕ್ಷಣಾರ್ಧದಲ್ಲಿ ಆಗಬೇಕಾದ ಜಾರಾಟ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುತ್ತದೆ. ಲೋಟದ ನೀರೂ ಅಲುಗುವುದಿಲ್ಲ. ನಿಧಾನ ಭೂಕಂಪ ಅನ್ನುತ್ತಾರೆ. ಕಂಪನಮಾಪಕಕ್ಕೆ ಇದು ಕೇಳಿಸದು, ಸ್ಟ್ರೇನ್‌ಮೀಟರಿಗೆ ಕೇಳಿಸುತ್ತದೆ. ಕೇಳಿಸಿದಾಗ ಗೆರೆಯ ಮೇಲೆ ಬರುವ ಆಕಾರ, ಈಗ ನಿಮ್ಮ ಮುಂದಿರುವ ಇದೇ ಬಾಗಿನ ಹಾಗೆ.

2009ರ ಜೂನಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ತೈಪೆಯ ಅಕಾಡೆಮಿಯಾ ಸಿನಿಕಾದ ಲಿಯು ಚಿ-ಚಿಂಗ್, ಕಾರ್ನೆಗಿ ಸಂಸ್ಥೆಯ ಆಲನ್ ಲಿಂಡೆ, ಮತ್ತು ಈ ಉಪಕರಣದ ಜನಕರಲ್ಲೊಬ್ಬರಾದ ಸ್ಯಾಕ್ಸ್ ಬರೆದದ್ದು. ಐದು ವರ್ಷಗಳಲ್ಲಿ ಈ ಪೂರ್ವ ತೈವಾನಿನಲ್ಲಿ 20 ನಿಧಾನ ಭೂಕಂಪಗಳನ್ನು ಕಂಡೆವು, ಅವುಗಳಲ್ಲಿ 11 ಟೈಫೂನುಗಳ ಜೊತೆಯಲ್ಲೇ ಆದವು ಎಂದರು. ಕಾಕತಾಳೀಯ ಎನ್ನಲು ಆಗದ ಲೆಕ್ಕ. ಕಾರಣವನ್ನೂ ಕೊಟ್ಟರು. ಇಲ್ಲಿನ ಸ್ತರಭಂಗ ಪಶ್ಚಿಮಕ್ಕೆ, ನೆಲದ ಅಡಿಗೆ ಓರೆಯಾಗಿ ಇಳಿದಿದೆ. ಟೈಫೂನ್ ಬಂದಾಗ ನೆಲದ ಮೇಲಿನ ಗಾಳಿಯ ಭಾರ ಇಳಿಯುತ್ತದೆ. ಸಮುದ್ರದ ಮೇಲೂ ಇಳಿಯುತ್ತದೆ, ಆದರೆ ಅಲ್ಲಿ ಸುತ್ತಲಿನ ನೀರು ನುಗ್ಗಿ ಬಂದು ಮಟ್ಟ ಏರಿ, ಕಳೆದ ಭಾರವನ್ನು ತುಂಬಿಬಿಡುತ್ತದೆ. ಸಮುದ್ರದ ತಳಕ್ಕೆ ಏನೂ ಗೊತ್ತಾಗುವುದಿಲ್ಲ. ನೆಲದ ಕಡೆಯಲ್ಲಿ ಮಾತ್ರ ಸ್ತರಭಂಗದ ಮೇಲಿನ ಹಿಡಿತ ಕೂದಲಷ್ಟು ಸಡಿಲವಾಗುತ್ತದೆ. ಜಾರುವ ಅಂಚಿನಲ್ಲೇ ನಿಂತ ಸ್ತರಭಂಗಕ್ಕೆ ಅಷ್ಟು ಸಾಕು. ಹೀಗೆ ಆಗಾಗ ಮೆಲ್ಲಗೆ ಜಾರಿ ಒತ್ತಡ ಕಳೆದುಕೊಳ್ಳುವುದರಿಂದಲೇ ಇಲ್ಲಿ ಭಾರೀ ಭೂಕಂಪಗಳು ತಪ್ಪುತ್ತಿರಬಹುದು ಎಂಬ ಆಸೆಯ ಮಾತೂ ಅದರಲ್ಲಿತ್ತು.

ಎಂಥ ಚೆಂದದ ಕಲ್ಪನೆ! ಆಕಾಶದ ಬಿರುಗಾಳಿ ಬಂದು ಪಾತಾಳದ ಬಿಗಿಯನ್ನು ಸಡಿಲಿಸಿ ಹೋಗುವುದು. ಅದನ್ನು ಓದಿದವರು ಯಾರೂ ಮರೆಯಲಾರರು. ಮಳೆಯ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ ಎಂದಲ್ಲ. ಕೆಲವು ಟೈಫೂನುಗಳಲ್ಲಿ, ಭಾರೀ ಮಳೆ ತಂದ ಒಂದರಲ್ಲೂ, ಗೆರೆ ವಾಯುಭಾರವನ್ನು ಮಾತ್ರ ಹಿಂಬಾಲಿಸಿದ್ದನ್ನು ಅವರು ನೋಡಿದ್ದರು. ಆ ಸಾಕ್ಷಿಯನ್ನು ನೆಚ್ಚಿದರು.

“ಹಾಗಾದರೆ ಇದು?” ನೀವು ಆ ಬಾಗಿನ ಮೇಲೆ ಬೆರಳಿಟ್ಟು ಕೇಳುತ್ತೀರಿ.

“ಕಳೆದು ನೋಡಬೇಕು,” ಎನ್ನುತ್ತಾನೆ ತಂತ್ರಜ್ಞ, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸುತ್ತ.

ಕಳೆಯುವುದು ಎಂಬ ಪದ ಎಷ್ಟು ಸರಳ! ಮೊದಲು ಚಂದ್ರನ ಪಾಲು. ಅದು ಸುಲಭ, ಪಂಚಾಂಗದಷ್ಟು ಕರಾರುವಾಕ್ಕು; ಮುಂದಿನ ವರ್ಷದ್ದನ್ನೂ ಇವತ್ತೇ ಬರೆದಿಡಬಹುದು. ಆಮೇಲೆ ಗಾಳಿಯ ಪಾಲು. ವಾಯುಭಾರಮಾಪಕದ ಅಂಕಿಯನ್ನು ಒಂದು ಗುಣಕದಿಂದ ಗುಣಿಸಿ ಕಳೆದರೆ ಮುಗಿಯಿತು, ಏಕೆಂದರೆ ಗಾಳಿ ಬಂದಾಗ ಬರುತ್ತದೆ, ಹೋದಾಗ ಹೋಗುತ್ತದೆ, ನೆಲದಲ್ಲಿ ಉಳಿಯುವುದಿಲ್ಲ. ಮಳೆಯ ಪಾಲನ್ನು ಕಳೆಯುವುದೇ ಕಷ್ಟ. ಮಳೆ ಬಂದುಹೋದ ಮೇಲೂ ಇರುತ್ತದೆ. ಎಷ್ಟು ಹೊತ್ತು ಇರುತ್ತದೆ ಎಂಬುದು ಹಿಂದಿನ ವಾರ ಎಷ್ಟು ಮಳೆಯಾಗಿತ್ತು ಎಂಬುದರ ಮೇಲೆ. ಒಣಗಿದ ನೆಲ ಮೊದಲ ಐವತ್ತು ಮಿಲಿಮೀಟರನ್ನು ಸ್ಪಂಜಿನ ಹಾಗೆ ಹೀರಿ ಮೇಲೆಯೇ ಇಟ್ಟುಕೊಳ್ಳಬಹುದು. ತೊಯ್ದ ನೆಲ ಅಷ್ಟನ್ನೇ ತಡಮಾಡದೆ ಕೆಳಗೆ ದಾಟಿಸಬಹುದು.

ಜಪಾನಿನವರು ಇದಕ್ಕೆ ಒಂದು ಉಪಾಯ ಬಳಸುತ್ತಾರೆ, ನನಗೆ ಬಹಳ ಇಷ್ಟವಾದದ್ದು. ಹೊಳೆಗಳ ಪ್ರವಾಹದ ಲೆಕ್ಕಕ್ಕೆಂದು ಸುಗವಾರಾ ಮಸಾಮಿ ಎಂಬ ಜಲವಿಜ್ಞಾನಿ ಕಟ್ಟಿದ ‘ಟ್ಯಾಂಕ್’ ಮಾದರಿ ಅದು. ಒಂದರ ಕೆಳಗೊಂದು ತೊಟ್ಟಿ ಇಟ್ಟಿದ್ದಾರೆ ಎಂದುಕೊಳ್ಳಿ. ಪ್ರತಿಯೊಂದಕ್ಕೂ ಪಕ್ಕದಲ್ಲಿ ಒಂದೋ ಎರಡೋ ತೂತು, ತಳದಲ್ಲಿ ಒಂದು ತೂತು. ಮಳೆ ಮೇಲಿನ ತೊಟ್ಟಿಗೆ ಬೀಳುತ್ತದೆ. ಪಕ್ಕದ ತೂತಿನಿಂದ ಹೋದದ್ದು ಹಳ್ಳಕ್ಕೆ, ತಳದಿಂದ ಜಿನುಗಿದ್ದು ಕೆಳಗಿನ ತೊಟ್ಟಿಗೆ. ಮೇಲಿನದು ಬೇಗ ತುಂಬಿ ಬೇಗ ಬರಿದು. ಕೆಳಗಿನದು ತುಂಬಲು ವಾರ, ಬರಿದಾಗಲು ತಿಂಗಳು. ತೂತುಗಳ ಎತ್ತರ, ಅಗಲ ಬದಲಿಸಿ ಬದಲಿಸಿ ಒಂದು ಬೆಟ್ಟದ ಸ್ವಭಾವಕ್ಕೆ ಹೊಂದಿಸುವುದು. ಹೊಂದಿದ ಮೇಲೆ ಪ್ರತಿ ತೊಟ್ಟಿಯಲ್ಲಿ ನಿಂತ ನೀರಿನಿಂದ ಬಂಡೆಯ ಮೇಲಿನ ಪರಿಣಾಮವನ್ನು ಲೆಕ್ಕಹಾಕಿ ಗೆರೆಯಿಂದ ಕಳೆಯುವುದು. ಒಂದು ಇಡೀ ಬೆಟ್ಟವನ್ನು ತೂತು ತೊಟ್ಟಿಗಳಾಗಿ ಕಾಣುವುದರಲ್ಲಿ ಒಬ್ಬ ಒಳ್ಳೆಯ ರೈತನ ಬುದ್ಧಿ ಇದೆ.

ತೈವಾನಿನಲ್ಲಿ ಶು ಯಾ-ಜು ಮತ್ತು ಸಂಗಡಿಗರು ಕಾಲಕಾಲಕ್ಕೆ ಬದಲಾಗುವ ಸ್ಥಿತಿಯನ್ನು ಹಿಂಬಾಲಿಸುವ ಬೇರೊಂದು ಗಣಿತಮಾದರಿ ಹಿಡಿದು, ಇನ್ನೂ ಹೆಚ್ಚು ವರ್ಷಗಳ ದಾಖಲೆ ಸೇರಿಸಿಕೊಂಡು, ಉಬ್ಬರ, ಗಾಳಿ, ಮಳೆ ಮೂರನ್ನೂ ಕಳೆದರು. ನಾನು ಮೇಲೆ ಹೇಳಿದ 5.1 ಎಂಬ ಅಂಕಿ ಅವರದ್ದೇ, 2015ರಲ್ಲಿ ಪ್ರಕಟವಾದದ್ದು. ಕಳೆದಾಗ ಉಳಿದದ್ದೇನು? ಹಿಂದೆ ನಿಧಾನ ಭೂಕಂಪ ಎಂದು ಗುರುತಿಸಿದ ಬಾಗುಗಳಲ್ಲಿ ಬಹುಪಾಲು ಕರಗಿಹೋದವು. ಅವು ವಾತಾವರಣದವು, ಹೆಚ್ಚಾಗಿ ಮಳೆಯವು. ಕೆಲವು ಮಾತ್ರ ಕರಗಲಿಲ್ಲ. ಟೈಫೂನಿನ ನಡುವೆಯೇ ಗೆರೆ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ತಿರುಗಿದಂಥವು. ಮಳೆಯ ಲೆಕ್ಕದಲ್ಲಿ ಅಂಥ ತಿರುವಿಗೆ ಎಡೆಯಿಲ್ಲ. ಅವು ಆಳದ ಜಾರಾಟವೇ ಇರಬಹುದು. ಆದರೆ ಟೈಫೂನ್ ಭೂಕಂಪವನ್ನು ಕೆರಳಿಸುತ್ತದೆ ಎಂಬ ವಾದ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ ಎಂದು ಅವರು ನೇರವಾಗಿಯೇ ಬರೆದರು.

ಆ 2015ರ ಲೇಖನದ ಮೇಲೆ ಇರುವ ಹೆಸರುಗಳನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಶು ಯಾ-ಜು ಅವರ ಜೊತೆಯಲ್ಲಿ ಲಿಯು ಇದ್ದಾರೆ, ಲಿಂಡೆ ಇದ್ದಾರೆ, ಸ್ಯಾಕ್ಸ್ ಇದ್ದಾರೆ. 2009ರಲ್ಲಿ ಆ ಚೆಂದದ ಮಾತು ಹೇಳಿದ ಮೂವರೂ. ಜಗತ್ತು ಹೊಗಳಿದ ತಮ್ಮ ಮಾತಿನಿಂದ ಮಳೆಯ ಪಾಲನ್ನು ಅವರೇ ಕೂತು ಕಳೆದರು, ಕಳೆದ ಮೇಲೆ ಎಷ್ಟು ಸಣ್ಣದಾಯಿತೋ ಅಷ್ಟನ್ನೇ ಇಟ್ಟರು. ಬೇರೆಯವರು ಬಂದು ತಪ್ಪು ತೋರಿಸುವುದು ಒಂದು. ಇದು ಬೇರೆ, ಇದಕ್ಕೆ ನಾನು ಕೈಮುಗಿಯುತ್ತೇನೆ.

ಅವರ ಕೊನೆಯ ಬೇಡಿಕೆ ಏನಿತ್ತು ಗೊತ್ತೆ? ಬೋರಿನ ಪಕ್ಕದಲ್ಲೇ ಇನ್ನಷ್ಟು ಮಳೆಮಾಪಕಗಳು, ಅಂತರ್ಜಲದ ಮಟ್ಟ ಅಳೆಯುವ ಇನ್ನಷ್ಟು ಉಪಕರಣಗಳು. ತಂತ್ರಜ್ಞ ಈ ಬಿರುಮಳೆಯಲ್ಲಿ ಮನೆಗೆ ಹೋಗದೆ ದೊನ್ನೆಯ ಆಲಿಕೆಯಿಂದ ಎಲೆ ತೆಗೆಯುತ್ತ ಕೂತಿರುವುದು ಅದಕ್ಕೇ.

ಬೆಳಗಿನ ಜಾವ ಮಳೆ ಹೊಳವಾಗುತ್ತದೆ. ಟೈಫೂನ್ ಪರ್ವತ ದಾಟಿ ಆಚೆ ಹೋಗಿದೆ. ಗಾಳಿಯ ಭಾರ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತಿದೆ, ದೊನ್ನೆ ಮಗುಚುವುದು ನಿಂತಿದೆ. ಕಾಲು ಮರಗಟ್ಟಿ ನೀವು ಹೊರಗೆ ಬರುತ್ತೀರಿ. ತೋಟದ ತುಂಬ ಸೋಗೆ, ಮುರಿದ ಗೊನೆ. ಎರಡು ಮರ ಸೊಂಟ ಮುರಿದು ಮಲಗಿವೆ. ಆಮಾ ಆಗಲೇ ಎದ್ದು ತೋಟ ಸುತ್ತುತ್ತಿದ್ದಾಳೆ.

“ನಿಂತಿತಲ್ಲ, ಆಮಾ,” ಎನ್ನುತ್ತಾನೆ ತಂತ್ರಜ್ಞ.

“ನಿಂತಿತು ಅಂತ ಹೇಳಬೇಡ. ಹೊಳೆಗೆ ಇನ್ನೂ ಬಂದಿಲ್ಲ ನೀರು. ಮೇಲಿನ ಬೆಟ್ಟದ್ದು ಬರೋದು ಇನ್ನು ಸ್ವಲ್ಪ ಹೊತ್ತಿಗೆ. ಸ್ಕೂಟರ್ ಆ ಕಡೆ ದಡದಲ್ಲಿ ಇಟ್ಟಿದ್ದರೆ ಈಗಲೇ ತೆಗೆದುಬಿಡು.”

ಅವನು ತಲೆ ಆಡಿಸಿ ಒಳಗೆ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾನೆ. ಗೆರೆ ಇಳಿಯುತ್ತಲೇ ಇದೆ. ಮಾಪಕದ ಪ್ರಕಾರ ಮಳೆ ನಿಂತು ಒಂದು ಗಂಟೆ ಮೇಲಾಯಿತು. ಬಂಡೆಯ ಮೇಲಿನ ಭಾರ ಮಾತ್ರ ಏರುತ್ತಿದೆ.

ಆಮಾ ಹೇಳಿದ್ದನ್ನೇ 2017ರಲ್ಲಿ ಮ್ಯಾಕ್ಸಿಮ್ ಮುಯೆನ್ ಮತ್ತು ಸಂಗಡಿಗರ ಅಧ್ಯಯನವೊಂದು ಅಂಕಿಗಳಲ್ಲಿ ಹೇಳಿತು. 2004ರಿಂದ 2013ರವರೆಗೆ ತೈವಾನಿನ ನೆಲ ತಟ್ಟಿದ 31 ಟೈಫೂನುಗಳನ್ನು ಏಳು ಬೋರುಗಳ ಗೆರೆಗಳಲ್ಲಿ ಒಂದೊಂದಾಗಿ ನೋಡಿದರು. ಮೊದಲು ವಾಯುಭಾರ ಇಳಿದು ಹಿಗ್ಗು, ಆಮೇಲೆ ಅದಕ್ಕಿಂತ ದೊಡ್ಡ ಕುಗ್ಗು, ಹೆಚ್ಚಿನವುಗಳಲ್ಲಿ ಇದೇ ಕಥೆ. ಆ ಕುಗ್ಗನ್ನು ವಿವರಿಸಲು ಬೋರಿನ ಮೇಲೆ ಬಿದ್ದ ಮಳೆಯೊಂದೇ ಸಾಲದು. ಸುತ್ತಲಿನ ಬೆಟ್ಟಗಳ ಮೇಲೆ ಬಿದ್ದದ್ದೆಲ್ಲ ಹಳ್ಳಗಳಾಗಿ ಇಳಿದು ಕಣಿವೆಯ ತಳದಲ್ಲಿ, ಬೋರಿನ ಅಕ್ಕಪಕ್ಕದಲ್ಲಿ ಕೂಡಿಕೊಳ್ಳುತ್ತದಲ್ಲ, ಆ ನೀರಿನ ರಾಶಿಯ ತೂಕವನ್ನೂ ಸೇರಿಸಬೇಕು. ಸೇರಿಸಿದರೆ ಬಹುಮಟ್ಟಿಗೆ ಹೊಂದುತ್ತದೆ. ಬೆಟ್ಟದ ಮೈಮೇಲೆ ಹರಿದು ಹೋಗುತ್ತದೆ, ಸದ್ಯ ಬಿಡಿ ಎಂದು ರಾತ್ರಿ ನಾನು ಕೈಬಿಟ್ಟ ಪಾಲು ಇದೇ. ನಮ್ಮ ಲೆಕ್ಕದ ತೊಂಬತ್ತರಲ್ಲಿ ಒಳನೀರಿನದೆಷ್ಟು, ಹೊಳೆಯದೆಷ್ಟು ಎಂಬುದು ಜಾಗ ಜಾಗಕ್ಕೆ ಬೇರೆ. ಅಂತೂ ಭೂಕಂಪಕ್ಕೆಂದು ಹೂತ ಉಪಕರಣ ಒಂದು ಇಡೀ ಕಣಿವೆಗೆ ಬಂದು ಸೇರಿದ ನೀರನ್ನು ತೂಗಬಲ್ಲದು ಎಂದಾಯಿತು. ಬಿರುಗಾಳಿಗೆ ಸರಿಯಾಗಿ ಓದಲಾರದ ಮಳೆಮಾಪಕಕ್ಕೆ, ಪ್ರವಾಹ ಕೊಚ್ಚಿಕೊಂಡು ಹೋಗುವ ನದೀಮಟ್ಟದ ಕಂಬಕ್ಕೆ ಸಿಗದ ಲೆಕ್ಕ ಇದಕ್ಕೆ ಸಿಗುತ್ತದೆ, ಇನ್ನೂರು ಮೀಟರ್ ಆಳದಲ್ಲಿ ಒಂದು ಹನಿಯನ್ನೂ ಕಾಣದೆ ಕೂತು.

ತಂತ್ರಜ್ಞ ಪುಸ್ತಕ ತೆಗೆದು ಬರೆಯುತ್ತಾನೆ: ಮಳೆ ನಿಂತ ಹೊತ್ತು, ದೊನ್ನೆ ಮಗುಚಿದ ಲೆಕ್ಕ, ಆಲಿಕೆಯಲ್ಲಿ ಎಲೆ ಸಿಕ್ಕಿ ತೆಗೆದ ಹೊತ್ತು. ರಾತ್ರಿಯ ಆ ಬಾಗಿನ ಎದುರಿಗೆ ಒಂದು ಗೀಟು ಎಳೆದು, ಏನೂ ಬರೆಯದೆ ಖಾಲಿ ಬಿಡುತ್ತಾನೆ.

ಹೊರಗೆ ಒಂದು ಸದ್ದು ಶುರುವಾಗಿದೆ. ಮೊದಲು ಲಾರಿಯೊಂದು ದೂರದಲ್ಲಿ ಗೇರು ಬದಲಿಸಿದ ಹಾಗೆ, ಆಮೇಲೆ ಹತ್ತು ಲಾರಿ. ಕಲ್ಲುಗಳು ತಳದಲ್ಲಿ ಒಂದಕ್ಕೊಂದು ಬಡಿದುಕೊಳ್ಳುವುದು ಕೇಳುತ್ತದೆ. ಆಮಾ ಬೇಲಿಯ ಹತ್ತಿರ ನಿಂತು ಹೊಳೆಯ ಕಡೆ ಕೈ ತೋರಿಸುತ್ತಾಳೆ. ಕಂದು ನೀರು ಗದ್ದೆಯ ಆಚೆಯ ದಂಡೆಗೆ ಸಮ ಬಂದಿದೆ, ಮೇಲೆ ಬೇರುಸಹಿತ ಒಂದು ಮರ ತೇಲಿಕೊಂಡು ಹೋಗುತ್ತಿದೆ. ಬಿಸಿಲು ಬಿದ್ದಿದೆ. ಗೂಡಿನೊಳಗೆ ಗೆರೆ ಇನ್ನೂ ತಳ ಮುಟ್ಟಿಲ್ಲ.